ಎರಡನೇ ಪೆಟ್ಟು

ಮನೆಯಾಕೆ ಶಾರದಾಳಿಗೆ,

...ಹೀಗೆ ನಿನ್ನೆಯ ಕಾಗದದಲ್ಲಿ ಆ ಶಬ್ದದ ಮಾತು ಅರ್ಧಕ್ಕೇ ನಿಂತಿತು ನೋಡು. ನಾಣ್ಯದ ಮೇಲೆ ಒತ್ತಿದ ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ಟೈಪ್’ ಅನ್ನುತ್ತಾರೆ. ಬೀದರಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ಹೇಳಿದ್ದು: ಗ್ರೀಕರ ಮಾತಂತೆ, ಮೂಲ ಅರ್ಥ ಪೆಟ್ಟು. ಆಮೇಲೆ ಪೆಟ್ಟಿನ ಗುರುತು, ಅದರಿಂದ ಚಿತ್ರ. ‘ಬ್ಲೋ ಕಮ್ಸ್ ಫಸ್ಟ್’, ಪೆಟ್ಟೇ ಮೊದಲು ಅಂದರೋ, ಇನ್ನೇನೋ ಅಂದರೋ. ಮದುವೆಯ ಹೊಸತರಲ್ಲಿ ಇದನ್ನು ಹೇಳಿದಾಗ ನೀನು ರೊಟ್ಟಿ ಬಡಿಯುತ್ತಾ, “ಹಂಗಾದ್ರ ನನ್ನ ರೊಟ್ಟಿನೂ ಟೈಪೇ ಬಿಡ್ರಿ” ಅಂದಿದ್ದೆ.

ಸುಮಿತ್ರಾಳ ಸುದ್ದಿ ನೀನು ತೀರಿಹೋದ ಮೇಲಿನದು, ನಿನಗೆ ಗೊತ್ತಿಲ್ಲ. ಔರಾದಿನವಳು, ನನ್ನ ಹಾಗೆಯೇ ಜೊತೆ ಕಳೆದುಕೊಂಡವಳು. ನಾಳೆ ನಮ್ಮ ಮದುವೆ. ನಮ್ಮ ಮನೆತನದ ಪದ್ಧತಿ ನೆನಪಿದೆಯಲ್ಲ? ತೀರಿಕೊಂಡ ಹೆಂಡತಿಯ ಟಾಕು, ಅಂದರೆ ಹೆಣ್ಣಿನ ಮೂರ್ತಿ ಒತ್ತಿದ ಬೆಳ್ಳಿ ತಗಡು, ದೇವರ ಜಗಲಿಗೆ ಏರದೆ ಹೊಸಬಳು ಹೊಸ್ತಿಲು ದಾಟುವಂತಿಲ್ಲ. ಇಲ್ಲದಿದ್ದರೆ ಹೋದವಳು ಬಂದವಳನ್ನು ಕಾಡುತ್ತಾಳೆ ಅನ್ನುತ್ತಿದ್ದಳು ಅವ್ವ. ನೀನು ಕಾಡುವವಳೇ?

ಸೋಮವಾರ ಭಾಲ್ಕಿಯಲ್ಲಿ ಬೆಳ್ಳಿ ಕೆಲಸ ಮಾಡುವ ಪತ್ತಾರನಲ್ಲಿಗೆ ಹೋದೆ. ಅವನ ಅಚ್ಚು ಒಂದೇ; ತೀರಿಕೊಂಡ ಎಲ್ಲ ಹೆಂಡಂದಿರಿಗೂ ಅದೇ ಮುಖ. ನಿನ್ನ ಹೆಸರು ಹೇಳಿ ಸುತ್ತಿಗೆಯಿಂದ ಒಂದು ಹೊಡೆದ. ಮುಖ ಮಸುಕಾಗಿ ಮೂಡಿತು.

“ಇನ್ನೊಂದು ಹಾಕಪ್ಪ.”

“ಬ್ಯಾಡ್ರಿ ಕಾಕಾ. ಟಾಕಿಗೆ ಒಂದ ಪೆಟ್ಟು. ನಮ್ಮ ಮುತ್ಯಾನ ಕಾಲದಿಂದ್ಲೂ ಎರಡನೇದು ಹಾಕಿಲ್ರಿ.”

“ಆಕಿಗಿ ಕಣ್ಣ ಇಲ್ಲಲ್ಲೋ! ಹಾಕು.”

ಹಾಕಿದ. ತಗಡು ತುಸು ಸರಿದಿತ್ತು, ಎರಡನೇ ಮುಖ ಪಕ್ಕಕ್ಕೆ ಬಿತ್ತು. ನಿನ್ನ ಭುಜದ ಹಿಂದಿನಿಂದ ಇನ್ನೊಬ್ಬಳು ಇಣುಕುತ್ತಿದ್ದಳು. ಕರಗಿಸಿ ಬೇರೆ ಮಾಡು ಅಂದೆ. ಅವನು ಅಚ್ಚನ್ನು ಬಟ್ಟೆಯಲ್ಲಿ ಸುತ್ತುತ್ತಾ, “ಹೆಸರ ಹೇಳಿ ಹೊಡ್ದೀನ್ರಿ. ಕರಗಸ್ಲಾಕ ನನ್ನ ಕೈ ಬರಂಗಿಲ್ಲ” ಅಂದ.

ಇವತ್ತು ಮಧ್ಯಾಹ್ನ ಸುಮಿತ್ರಾ ತನ್ನ ಅಣ್ಣನ ಜೊತೆ ಬಂದಿದ್ದಳು. ಒಳಗೆ ಬರದೆ ಕಟ್ಟೆಯ ಮೇಲೆ ಕೂತಳು. ಮುಚ್ಚಿಡಲು ಮನಸ್ಸಾಗಲಿಲ್ಲ. ಟಾಕು ತೋರಿಸಿದೆ, ಮದುವೆ ಬೇಡವೆಂದರೂ ಸರಿ ಅಂದೆ. ಬಿಸಿಲಿಗೆ ಹಿಡಿದು ನೋಡಿದಳು.

“ಹಿಂದಿನಕಿ ನಾನೇನ್ರಿ?”

ಟಾಕು ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ.

“ಇರ್ಲಿ ಬಿಡ್ರಿ, ಜಗಲಿ ಮ್ಯಾಲ ಇಡ್ರಿ. ಮುಂದ ನನಗೂ ಒಂದು ಬೇಕಲ್ಲ” ಅಂದು ನಕ್ಕಳು. ಅಣ್ಣ ನಗಲಿಲ್ಲ. ಅವಳು ಟಾಕನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, “ನಾಳಿ ಬರ್ತೇನಿ” ಅಂದು ಹೋದಳು.

ಅವಳು ಹೇಳಿದಂತೆ ಇಟ್ಟಿದ್ದೇನೆ. ಆ ಪೆಟ್ಟು ಹಾಕಿಸಿದವನು ನಾನು, ಶಾರದಾ. ಸಿಟ್ಟಿದ್ದರೆ ನನ್ನ ಮೇಲೆ ತೀರಿಸಿಕೋ. ಅವಳನ್ನು ಮಾತ್ರ...

ಇನ್ನೂ ಬರೆಯುವುದಿತ್ತು. ಬೆಳಕು ಹೋಗುತ್ತಿದೆ. ಬೆಳ್ಳಿಯ ಮೇಲೆ ಈಗ ಒಬ್ಬಳೇ ಕಾಣುತ್ತಿದ್ದಾಳೆ. ಯಾರೆಂದು ತಿಳಿಯುತ್ತಿಲ್ಲ.