ಎದುರುಗುಡ್ಡದ ಕಿವಿ

ಟೊನಾರಾ
ಮಾರ್ಚ್ ೯, ಸಂಜೆ

ಪ್ರೀತಿಯ ಅಜ್ಜೀ,

ಮೊಣಕಾಲು ನೋವು ಹೇಗಿದೆ? ಚಿಕ್ಕಜ್ಜಿ ಬಾಂಟೀನಾಳ ಮನೆಯ ಮೆಟ್ಟಿಲು ಬಲು ಕಡಿದು, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ನಾನು ಚೆನ್ನಾಗಿದ್ದೇನೆ, ಅಂದರೆ ಕಾಲೇಜಿನ ಮೊದಲ ವರ್ಷದವರು ಚೆನ್ನಾಗಿರುವಷ್ಟು. ಎಕ್ಸಾಮ್ ಟೆನ್ಷನ್‌ಗೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ. ರಜೆ ಸಿಕ್ಕಿತೆಂದು ಓಡಿ ಬಂದರೆ ಮನೆಯಲ್ಲಿ ನೀನೇ ಇಲ್ಲ. ಪಕ್ಕದ ಮನೆಯವರು ಎಲ್ಲ ಹೇಳಿದರು. ನೀನು ಎದುರುಗುಡ್ಡದಲ್ಲಿ ಕೂತು ಕೇಳಿ, ದನಿ ಸರಿಯಿಲ್ಲವೆಂದು ಒಪ್ಪಿಗೆಯ ಬಿಳಿ ಬಟ್ಟೆ ಬೀಸದೆ ಬಿಟ್ಟ ಕುರಿಗಂಟೆಯನ್ನು ಅಜ್ಜ ಮಾರಿಬಿಟ್ಟನಂತೆ. ನೀನು ಕೇಳಿದ್ದಕ್ಕೆ ಕುರುಬರ ಎದುರೇ, "ಗಂಟೆ ಮಾಡೋನು ನಾನು, ನೀನು ಬರೀ ಬಟ್ಟೆ ಬೀಸೋಳು" ಅಂದನಂತೆ, ಅದಕ್ಕೇ ನೀನು ಚಿಕ್ಕಜ್ಜಿಯ ಮನೆಗೆ ಹೊರಟುಹೋದೆಯಂತೆ. ಅಜ್ಜೀ, ಹಾಸ್ಟೆಲ್‌ಗಳಲ್ಲೇ ಬೆಳೆದ ನನಗೆ ಮನೆ ಅಂದರೆ ನೀವಿಬ್ಬರೂ ಒಟ್ಟಿಗಿರುವ ಜಾಗ. ನೀನು ಬರುವುದೇ ಇಲ್ಲವೇನೋ ಎಂದು ಹೆದರಿಕೆಯಾಗಿದೆ.

ಅಜ್ಜ ದಿನಾ ಕುಲುಮೆ ಹೊತ್ತಿಸುತ್ತಾನೆ, ತಗಡು ಬಡಿಯುತ್ತಾನೆ, ದನಿ ಸರಿಹೋಗದೆ ಒಂದು ಗಂಟೆಯೂ ಮುಗಿಯುವುದಿಲ್ಲ. ನಿನ್ನೆ ನನ್ನನ್ನೇ ಗುಡ್ಡಕ್ಕೆ ಕಳಿಸಿದ. ನೀನು ಕೂರುವ ಕಲ್ಲಿನ ಮೇಲೆ ಕೂತೆ. ಅದು ನಿನ್ನ ಅಳತೆಗೇ ಸವೆದಿದೆ, ನನಗೆ ದೊಗಳೆ. ಕಣಿವೆಯ ತುಂಬ ಮಂಜು. ಅಜ್ಜ ಕೆಳಗೆಲ್ಲೋ ಒಂದೊಂದೇ ಗಂಟೆ ಬಾರಿಸಿದಾಗ ದನಿ ನಿಧಾನವಾಗಿ, ಒದ್ದೆಯಾಗಿ, ಯಾರದೋ ಕನಸಿನಿಂದ ದಾರಿ ತಪ್ಪಿದ ಕುರಿಯ ಹಾಗೆ ನನ್ನ ತನಕ ನಡೆದು ಬಂತು. ನನಗೆ ಎಲ್ಲವೂ ಚೆಂದವೆನಿಸಿ ಎಲ್ಲಕ್ಕೂ ಬಟ್ಟೆ ಬೀಸಿದೆ. ಇಳಿದು ಬಂದ ಕೂಡಲೇ, "ನಿಮ್ಮಮ್ಮನ ಕಡೆಯ ಇಂಗ್ಲಿಷ್ ಕಿವಿ ಕಣೇ ನಿಂದು! ಟೀ ಕುಡ್ದೂ ಕುಡ್ದೂ ನೆನೆದುಹೋಗಿದೆ. ನಿಮ್ಮಜ್ಜಿ ಆಗಿದ್ರೆ ಒಂದಕ್ಕೂ ಕೈ ಎತ್ತುತ್ತಿರ್ಲಿಲ್ಲ" ಅಂದ. ಅಂದವನು ಬೆಂಕಿ ಕೆದಕತೊಡಗಿದ.

ಆಮೇಲೆ ತಾನಾಗಿಯೇ ನಿಮ್ಮ ಮದುವೆಯ ಕಥೆ ತೆಗೆದ. ಕುರುಬರ ಮನೆಯ ಹುಡುಗಿ ನೀನು, ನಿಮ್ಮಪ್ಪ ಅಜ್ಜನ ಹತ್ತಿರ ಕೊಂಡ ಗಂಟೆಯನ್ನು ಮತ್ತೆ ಮತ್ತೆ ವಾಪಸು ತಂದೆಯಂತೆ. ಕೊನೆಗೆ ಸುತ್ತಿಗೆ ಕಿತ್ತುಕೊಂಡು ಗಂಟೆಯ ಅಂಚಿಗೆ ನೀನೇ ಒಂದೇಟು ಕೊಟ್ಟೆಯಂತೆ. ದನಿ ತಟ್ಟನೆ ತೆರೆದುಕೊಂಡಿತಂತೆ. "ಇವಳ್ನ ಮನೆಗೆ ತರದಿದ್ರೆ ದಿನಾ ಬಂದು ಮಾನ ಕಳೀತಾಳೆ ಅನ್ಕೊಂಡೆ" ಅಂತ ನಕ್ಕ. ಮಸಿ ಮೂತಿಯವನಿಗೆ ಹೆಣ್ಣು ಕೊಡುವುದಿಲ್ಲವೆಂದು ನಿಮ್ಮಪ್ಪ ಹಟ ಹಿಡಿದು, ಕೊನೆಗೆ ಒಪ್ಪಿದನಂತೆ. ಮದುವೆಯ ಸಂಜೆ ಅವನ ಮಂದೆ ಇಳಿದು ಬರುವಾಗ ಕತ್ತಲಲ್ಲಿ ಒಂದು ಕುರಿಯೂ ಕಾಣದೆ, ಬರೀ ಅಜ್ಜನ ಗಂಟೆಗಳ ದನಿಯೇ ಹೊಳೆಯಂತೆ ಹರಿಯಿತಂತೆ. ಬೀಗರು ಊಟ ಬಿಟ್ಟು ಎದ್ದು ನಿಂತರಂತೆ. ನಿಮ್ಮಪ್ಪ ಮಾತ್ರ, "ಮೂರನೇ ಗಂಟೆ ಸ್ವಲ್ಪ ಕೀರಲು" ಅಂದನಂತೆ. ನೀನು, "ಹೌದು, ನಾಳೆ ಸರಿ ಮಾಡಿಸ್ತೀನಿ" ಅಂದೆಯಂತೆ. ಇದನ್ನು ಹೇಳುತ್ತ ಅಜ್ಜ ಕೈಯಲ್ಲಿದ್ದ ತಗಡನ್ನೇ ಮತ್ತೆ ಮತ್ತೆ ಒರೆಸಿದ. ನಾನು ಒಲೆಯ ಕಡೆ ನೋಡುತ್ತ ಕೂತೆ.

ಚಿಕ್ಕಜ್ಜಿಗೆ ನನ್ನ ಮುತ್ತು. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಎಕ್ಸಾಮ್‌ಗೂ ಇರಲಿ.

ನಿನ್ನ
ಅನೆಡ್ಡಾ

ಮರೆತಿದ್ದೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ: ಅಜ್ಜ ಆ ಮಾರಿದ ಗಂಟೆಯನ್ನು ಕುರುಬನಿಂದ ವಾಪಸು ತಂದಿದ್ದಾನೆ. ಭಾನುವಾರ ಅಲ್ಲಿಗೆ ಬರುತ್ತಾನಂತೆ. "ಗಂಟೆ ತೋರ್ಸೋಕೆ, ಅಷ್ಟೇ" ಅನ್ನುತ್ತಾನೆ. ಆದರೆ ಬೆಳಿಗ್ಗೆಯಿಂದ ಉಗುರಿನ ಮಸಿಯನ್ನು ನಿಂಬೆಹೋಳಿನಲ್ಲಿ ತಿಕ್ಕುತ್ತಿದ್ದಾನೆ. ಬಾಗಿಲು ನೀನೇ ತೆಗಿ ಅಜ್ಜಿ. ಚಿಕ್ಕಜ್ಜಿ ತೆಗೆದರೆ ಬರೀ ಗಂಟೆಯ ಮಾತಾಡಿ ತಿರುಗಿ ಬಂದುಬಿಡುತ್ತಾನೆ.