ಸವೆಯದ ಜಾಲರಿ

ಸೋಮವಾರ, ಮಧ್ಯಾಹ್ನ
ಪರೀಕ್ಷಾ ಕೋಣೆ

ನನ್ನ ಮೊಂಡನಿಗೆ,

ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ, ಅದಕ್ಕೇ ಈ ಕಾಗದ. ಓದದೆ ಹರಿದು ಹಾಕಿದರೆ ನಿನ್ನ ಎಂಜಿನ್ನಿನ ಸಮಾಚಾರವೂ ಹರಿದುಹೋಗುತ್ತದೆ, ನೋಡಿಕೊ.

ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ. ಟೀ ತಂದಿಟ್ಟು ಮರೆಯುತ್ತೇನೆ, ಎದ್ದು ಹೋಗಿ ಡ್ರಮ್ಮಿನ ಕಿಟಕಿಗೆ ಹಣೆ ಒತ್ತುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಗಾಳಿಯನ್ನೆಲ್ಲ ಹೀರಿ ತೆಗೆದ ಈ ಉಕ್ಕಿನ ಡ್ರಮ್ಮಿನೊಳಗೆ ನಿನ್ನ ಅಯಾನ್ ಎಂಜಿನ್ ಹೋದ ವರ್ಷದಿಂದ ಉರಿಯುತ್ತಿದೆ. ನೀನು ಮನೆ ಬಿಟ್ಟದ್ದೂ ಆಗಲೇ. ಮೊನ್ನೆ ಅಮ್ಮ ಫೋನ್ ಮಾಡಿ, ಅಳಿಯನ ಎಂಜಿನ್ ಎಷ್ಟು ಜೋರಾಗಿ ತಳ್ಳುತ್ತದೆ ಎಂದು ಕೇಳಿದಳು. ಅಂಗೈ ಮೇಲಿಟ್ಟ ಒಂದು ಹಾಳೆಯ ಭಾರದಷ್ಟು, ಆದರೆ ಉಪಗ್ರಹವನ್ನು ವರ್ಷಗಟ್ಟಲೆ ಬಿಡದೆ ತಳ್ಳುತ್ತದೆ ಎಂದೆ. ಹಾಗಾದರೆ ಅವನ ಮಗುವೇ ಸರಿ ಎಂದು ನಕ್ಕಳು. ನೀನು ಬೇರೆ ಇರುವುದನ್ನು ಅವಳಿಗಿನ್ನೂ ಹೇಳಿಲ್ಲ.

ಇಲ್ಲಿ ಎಲ್ಲರಿಗೂ ಹಿಗ್ಗೋ ಹಿಗ್ಗು. ಅಯಾನುಗಳು ಹೊರಬರುವ ಜಾಲರಿಯ ತೂತುಗಳು ಒಂಚೂರೂ ಸವೆದಿಲ್ಲ. ಶುಕ್ರವಾರ ಪಾಸ್ ಎಂದು ಬರೆದುಕೊಡು, ಉಪಗ್ರಹ ಕಾಯುತ್ತಿದೆ ಎಂದು ನಮ್ಮ ವಿಭಾಗದ ಸಾಹೇಬರು ಬೆನ್ನು ಬಿದ್ದಿದ್ದಾರೆ. ನನಗೆ ಅದೇ ತಳಮಳ. ಹಗಲಿರುಳು ಅಯಾನುಗಳ ಏಟು ತಿನ್ನುವ ಜಾಲರಿ ಸವೆಯದೆ ಇರುತ್ತದೆಯೇ?

ಕಿಟಕಿಗೆ ದುರ್ಬೀನು ಇಟ್ಟು ನೋಡಿದೆ. ಜಾಲರಿಯ ಮೇಲೆ ಬಾಣಲೆ ತಳದ ಮಸಿಯಂಥ ಕಪ್ಪು. ಎಂಜಿನ್ನಿನ ಹೊಡೆತ ತಡೆಯಲೆಂದು ಎದುರು ಗೋಡೆಗೆ ಇಂಗಾಲದ ಹಲಗೆ ಹೊದಿಸಿದ್ದೇವಲ್ಲ, ಅದರ ಪುಡಿಯೇ ಹಾರಿಬಂದು ಕೂತಿದೆ. ಸವೆದಷ್ಟನ್ನೂ ಅದೇ ತುಂಬುತ್ತಿದೆ. ಆಕಾಶದಲ್ಲಿ ಹಾಗೆ ತುಂಬಿಕೊಡಲು ಗೋಡೆ ಎಲ್ಲಿದೆ ಕಣೋ? ಅಲ್ಲಿ ನಡುದಾರಿಯಲ್ಲಿ ಕೈಕೊಟ್ಟರೆ ರಿಪೇರಿಗೆ ಯಾರು ಹತ್ತಿ ಹೋಗುತ್ತಾರೆ?

ಎಂಜಿನ್ ಆರಿಸಿ, ಬಾಗಿಲು ತೆಗೆದು, ಮಸಿ ಒರೆಸಿ ಅಳೆಯೋಣ ಎಂದು ಸಾಹೇಬರಿಗೆ ಹೇಳಿದೆ. ಬಾಗಿಲು ತೆಗೆದರೆ ಪರೀಕ್ಷೆ ಮೊದಲಿನಿಂದ, ಉಪಗ್ರಹಕ್ಕೆ ಬೇರೆಯವರ ಎಂಜಿನ್, ನಿನ್ನ ಗಂಡನ ಇಷ್ಟು ವರ್ಷದ ದುಡಿಮೆ ನೀರುಪಾಲು ಎಂದರು. ಆಮೇಲೆ ಮೆತ್ತಗೆ, "ಚೆನ್ನಾಗಿರೋದನ್ನ ಯಾಕಮ್ಮಾ ಕೆದಕ್ತೀಯ? ಆದ್ರೂ ನಿರ್ಧಾರ ನಿಂದೇ" ಎಂದರು. ಮೈಯೆಲ್ಲ ಉರಿದುಹೋಯಿತು. ಮನೆ ಬಿಡುವ ದಿನ ಬಾಗಿಲಲ್ಲಿ ನಿಂತು ನೀನೂ ಇದನ್ನೇ ಕೇಳಿದ್ದೆ.

ನಾನು ಬಾಯಿ ಮುಚ್ಚಿಕೊಂಡರೆ ನೀನು ಗೆಲ್ಲುತ್ತೀಯ. ಗೆದ್ದ ಖುಷಿಯಲ್ಲಿ ಮನೆಗೂ ಬರುತ್ತೀಯೇನೋ. ನೀನು ಬರಬೇಕೆಂದು ಎಷ್ಟು ಆಸೆಯಿದೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಏನು ಮಾಡಲಿ, ನೀನೇ ಹೇಳು.

ನಿನ್ನ
ಸಿಡುಕಿ

ಇನ್ನೊಂದು ಮಾತು: ನಿನ್ನನ್ನು ಕೇಳಿದ್ದು ಬರೀ ಮರ್ಯಾದೆಗೆ. ಉರಿಯುತ್ತಿದೆ ಎಂದು ಬರೆದದ್ದೂ ಸುಳ್ಳು; ಬೆಳಿಗ್ಗೆಯೇ ಆರಿಸಿಬಿಟ್ಟೆ. ಕಿಟಕಿಯಲ್ಲೀಗ ಎಂಜಿನ್ನಿನ ನೀಲಿ ಬೆಳಕಿಲ್ಲ, ಬರೀ ಕತ್ತಲೆಗೆ ಹಣೆ ಒತ್ತುತ್ತಿದ್ದೇನೆ. ಗಾಳಿ ಹೀರುವ ಪಂಪುಗಳ ಕೊರೆಯುವ ತಂಪು ಇಳಿದು ಬಾಗಿಲು ತೆರೆಯಲು ಗುರುವಾರವಾಗುತ್ತದೆ. ಮಸಿ ಒರೆಸುವಾಗ ಜಾಲರಿ ಹಿಡಿಯಲು ಇನ್ನೊಬ್ಬರು ಬೇಕು. ನಿನ್ನ ಜಾಲರಿ, ನೀನೇ ಬಂದು ಹಿಡಿದುಕೊ. ಬೈಯುವುದಿದ್ದರೂ ಬಂದೇ ಬೈ.