ಗುರುಶಾಂತಿಯ ಮಣೆಯ ಮೇಲೆ ನನ್ನ ಮುಖ

೩ ಫೆಬ್ರುವರಿ ೧೯೮೭, ಅತನೂರ

ಎತ್ತಿಗೆ ನೀರು ಕುಡಿಸಿದೆ. ಮೀಸೆಗೆ ಎಣ್ಣೆ ಹಚ್ಚಿದೆ. ಆಮೇಲೆ ಮಹಾನಂದಾ ಬಂದಳು, ದಿನವೆಲ್ಲ ಕೆಟ್ಟಿತು.

ಅಣ್ಣನ ಮಗಳು. ಗುಲಬರ್ಗಾದಲ್ಲಿ ಚಿತ್ರ ಕಲಿಯುತ್ತಾಳೆ. ಹೋದ ತಿಂಗಳು ನನ್ನ ಚಿತ್ರ ಮಾಡುತ್ತೇನೆಂದಳು. ತಲೆಗೆ ರೇಷ್ಮೆ ಪಟಗ ಸುತ್ತಿ ದೇಸಾಯಿಯ ಹಾಗೆ ಕೂತುಕೊಟ್ಟೆ. ಕೆತ್ತಲು ಹಲಗೆ ಕೇಳಿದಳು. ಹೆಂಡತಿ ಗುರುಶಾಂತಿ ರೊಟ್ಟಿ ಬಡಿಯುವಾಗ ಕೂಡುತ್ತಿದ್ದ ಮಣೆ ಕೊಟ್ಟೆ. ಆಕೆ ಹೋಗಿ ವರ್ಷವಾಯಿತು, ಮಣೆ ನನಗ್ಯಾಕೆ?

ಇವತ್ತು ಮಣೆಗೆ ಕೆತ್ತಿ ಕಾಗದಕ್ಕೆ ಒತ್ತಿದ ಚಿತ್ರ ಬಿಚ್ಚಿದಳು. ಬರೀ ಕರಿ ಮಸಿ. ಪಟಗವಿಲ್ಲ. ಬಾಯಿ ಹಾಳುಬಾವಿಯ ಹಾಗೆ ತೆರೆದಿದೆ. ಕಣ್ಣಿನ ಸುತ್ತ ಉಳಿ ಹೊಡೆದ ಗೆರೆ... ಅಳುವ ಮುಖ. ನಾನು ಅಳುವುದೇ? ಹೆಂಡತಿಯ ಮಣ್ಣಿಗೆ ಬಂದವರಿಗೆಲ್ಲ ಒಂದು ಹನಿ ಕಣ್ಣೀರು ಹಾಕದೆ ಧೈರ್ಯ ಹೇಳಿದ ದೌಲತರಾಯ! ಊರು ಇಂದಿಗೂ ಅದನ್ನೇ ಹೇಳುತ್ತದೆ. (ಮರೆತರೆ ನೆನಪು ಮಾಡುತ್ತೇನೆ.)

"ಯಾರ ಮಾರಿ ಇದು?"

"ನಿಮ್ದೇ ಕಾಕಾ. ಹೊರಗ ಕಾಣೂದಲ್ಲ, ಒಳಗಿಂದು ಕೆತ್ತೀನಿ."

ಹಿಂದೆ ಜರ್ಮನಿಯ ಚಿತ್ರಗಾರರು ಮರ ಕೆತ್ತಿ ಹೀಗೇ ಒಳಗಿನ ಸಂಕಟ ತೆಗೆದರಂತೆ. ನನ್ನ ಒಳಗು ಜರ್ಮನಿಯವರಿಗೇನು ಗೊತ್ತು? ತಿಂಗಳ ಕೊನೆಗೆ ಗುಲಬರ್ಗಾದಲ್ಲಿ ಎಕ್ಸಿಬಿಶನ್, ಅಲ್ಲಿ ಇದನ್ನೇ ತೂಗುಹಾಕುತ್ತಾಳಂತೆ. ಅರ್ಧ ಊರು ಬಸ್ಸು ಹತ್ತುತ್ತದೆ. ನನ್ನ ಮಾನ?

ಆಕೆ ನೀರಿಗೆ ಹೋದಾಗ ಕಾಗದವನ್ನು ಒಲೆಗೆ ಹಾಕಿದೆ. ಮುಗಿಯಿತು.

೧೧ ಫೆಬ್ರುವರಿ

ಮುಗಿದಿಲ್ಲ. ಬಡಿಗ ಕರೀಮಸಾಬನ ಅಂಗಡಿಯ ಗೋಡೆಗೆ ಅದೇ ಮುಖ, ಮಹಾನಂದಾ ಕೊಟ್ಟದ್ದು! ಮಣೆಗೆ ಮಸಿ ಹಚ್ಚಿ ಒತ್ತಿದರೆ ಬೇಕಾದಷ್ಟು ಬರುತ್ತವಂತೆ. ಒಂದು ಸುಟ್ಟರೆ ಇನ್ನೊಂದು. ಮೊದಲೇ ಹೇಳಬಾರದೇ? ಮೋಸ.

ನಾನಲ್ಲ ಅಂದೆ. ನನ್ನ ಮಚ್ಚೆ ಎಡಗೆನ್ನೆಗೆ, ಇದರದು ಬಲಕ್ಕೆ. ಕರೀಮಸಾಬ ಬೀಡಿ ಆರಿಸಿದ.

"ಒತ್ತಿದ್ರ ಎಡ ಬಲ ಆಗ್ತದಲೇ ದೌಲತ್ಯಾ. ಮಣ್ಣ ಮಾಡಿ ಬಂದ ದಿನ ದನದ ಕೊಟಗ್ಯಾಗ ಇದೇ ಮಾರಿ ನೋಡೀನಿ. ಸುಮ್ನ ಹೊಳ್ಳಿ ಹೋದೆ."

ನೋಡಿದ್ದನೇ! ವರ್ಷವಿಡೀ ಇವನ ಅಂಗಡಿಯಲ್ಲೇ ಕೂತು ನನ್ನ ಗುಂಡಿಗೆಯ ಬಡಾಯಿ ಕೊಚ್ಚಿದ್ದೇನೆ. ತಲೆಯಾಡಿಸಿ ಕೇಳಿದ, ಕಳ್ಳ. ಅವನ ಮರ ಹೆರೆಯುವ ರಂದಾ ಎತ್ತಿಕೊಂಡು ಬಂದೆ. ಕೇಳಲಿಲ್ಲ.

೧೨ ಫೆಬ್ರುವರಿ, ಮಧ್ಯಾಹ್ನ

ಮಣೆ ಕಸಿದುಕೊಂಡೆ. ಮಹಾನಂದಾ ತಡೆಯಲಿಲ್ಲ.

"ಮಣಿ ನಿಮ್ದು ಕಾಕಾ. ಹೆರೀರಿ."

ತಡೆದಿದ್ದರೆ ಹೆರೆದುಬಿಡುತ್ತಿದ್ದೆ. ಅದೇ ಸಿಟ್ಟು.

ಮಣೆಯಲ್ಲಿ ಮಚ್ಚೆ ಎಡಗೆನ್ನೆಗೇ ಇದೆ. ಮಗುಚಿದೆ. ಮಣೆಯ ಕಾಲು ಕಿತ್ತು ಅಡಿಯ ಬದಿಗೆ ಕೆತ್ತಿದ್ದಾಳೆ ಹುಡುಗಿ. ಗುರುಶಾಂತಿ ಕೂಡುತ್ತಿದ್ದ ಬದಿಗೆ ಉಳಿ ತಾಗಿಸಿಲ್ಲ. ನುಣ್ಣಗೆ ಸವೆದ ತಗ್ಗು. ಅಂಚಿನ ಬಿರುಕಿನಲ್ಲಿ ಜೋಳದ ಹಿಟ್ಟು, ಇನ್ನೂ...

ರಂದಾ ಕೆಳಗಿಟ್ಟೆ.

ಎಕ್ಸಿಬಿಶನ್‌ಗೆ ಹೋಗುತ್ತೇನೆ. ಪಟಗ ಸುತ್ತಿಕೊಂಡೇ. ಯಾರಾದರೂ ಕೇಳಿದರೆ ಇದು ಕರೀಮಸಾಬ ಅಂತ ಹೇಳುವುದು.

ಮಣೆಯನ್ನು ಒಲೆಯ ಮುಂದೆ ಹಾಕಿದ್ದೇನೆ, ನನ್ನ ಮುಖ ಕೆಳಗೆ ಮಾಡಿ. ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ಹಾಳು ಹೊಗೆ, ಅಕ್ಷರ ಕಾಣುತ್ತಿಲ್ಲ. ಒಲೆ ಹಚ್ಚಿಲ್ಲ, ಆದರೂ—